ಮರೆವಿನ ಮನೆಯಲ್ಲಿ ಸಮದುಃಖಿಗಳ ಸಂಗ

ದಾಂಪತ್ಯವನ್ನು ಕುರಿತು ನಮ್ಮ ಹಿರಿಯರು ಆಡಿದ ಮಾತುಗಳೆಲ್ಲದರ ಹಿಂದೆ ಒಂದು ನಂಬಿಕೆ ಅಡಗಿದೆ. ಸುಖದಲ್ಲಿಯೂ ದುಃಖದಲ್ಲಿಯೂ ಸತಿಪತಿಗಳು ಒಬ್ಬರನ್ನೊಬ್ಬರು ಅರಿತು ನಡೆಯುವರು ಎಂಬುದೇ ಆ ನಂಬಿಕೆ. ಬಡತನ ಬರಬಹುದು, ಬೇನೆ ಬರಬಹುದು, ಮಕ್ಕಳು ದೂರದ ಊರುಗಳಿಗೆ ಹೋಗಿ ನೆಲಸಬಹುದು. ಆದರೂ ಸಂಜೆಯ ಹೊತ್ತು ಎದುರಿಗೆ ಕುಳಿತು ಮನಸ್ಸಿನ ಮಾತನ್ನು ಹೇಳಿಕೊಳ್ಳಲು ಒಂದು ಜೀವವಿರುತ್ತದೆ. ಆ ಜೀವ ತನ್ನ ಜೊತೆಯಲ್ಲಿ ನಲವತ್ತು ಐವತ್ತು ವರ್ಷ ನಡೆದುಬಂದಿದೆ. ತಾನು ಹೇಳುವುದಕ್ಕೆ ಮುಂಚೆಯೇ ಅರ್ಧವನ್ನು ತಿಳಿದುಕೊಳ್ಳುತ್ತದೆ. ಮುಪ್ಪಿನಲ್ಲಿ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಆದರೆ ಮುಪ್ಪಿನಲ್ಲಿಯೇ ಬರುವ ಒಂದು ರೋಗವು ಈ ಆಸರೆಯ ಬುಡವನ್ನು ಅಲುಗಿಸುತ್ತದೆ. ಡಿಮೆನ್ಷಿಯಾ ಎಂದು ವೈದ್ಯರು ಕರೆಯುವ, ನಾವು ಸಾಮಾನ್ಯವಾಗಿ ಮರೆವಿನ ರೋಗವೆನ್ನುವ ವ್ಯಾಧಿಯೇ ಅದು. ಗಂಡನಿಗಾಗಲಿ ಹೆಂಡತಿಗಾಗಲಿ ಈ ರೋಗ ಬಂದಾಗ, ಇನ್ನೊಬ್ಬರು ಆ ದುಃಖವನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಇದುವರೆಗೆ ಹೇಳಿಕೊಳ್ಳುತ್ತಿದ್ದ ವ್ಯಕ್ತಿಯೇ ಈಗ ಆ ದುಃಖದ ಕಾರಣವಾಗಿದ್ದಾರೆ. ಹಾಗಾದರೆ ಮನೆಯ ಮಾತನ್ನು ಹೊರಗೆ, ಅದೇ ಸಂಕಟವನ್ನು ಉಣ್ಣುತ್ತಿರುವ ಬೇರೆ ಗಂಡಂದಿರ, ಬೇರೆ ಹೆಂಡಿರ ಮುಂದೆ ತೆರೆದಿಡುವುದು ದಾಂಪತ್ಯಧರ್ಮಕ್ಕೆ ಕುಂದೋ, ಅಥವಾ ಆ ಧರ್ಮದ್ದೇ ಒಂದು ಅಂಗವೋ? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಮೊದಲು ರೋಗದ ಸ್ವರೂಪವನ್ನು ತಿಳಿದುಕೊಳ್ಳುವುದು ಅಗತ್ಯ. ನಮ್ಮ ಕಡೆಯಲ್ಲಿ ಇದನ್ನು ಬಹುಕಾಲ ‘ಅರಳುಮರಳು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೆಯೇ ಆಗುವುದೆಂಬ ಭಾವನೆ ಆ ಮಾತಿನಲ್ಲಿದೆ. ಇದು ಸರಿಯಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯಸ್ಸಿನ ಸಹಜ ಮರೆವು. ಕನ್ನಡಕವೆಂದರೆ ಏನೆಂಬುದನ್ನೇ ಮರೆಯುವುದು ಮೆದುಳಿನ ರೋಗ. ಇಂಥ ರೋಗಗಳು ಹಲವಿದ್ದು, ಅವುಗಳಲ್ಲಿ ಆಲ್ಝೈಮರ್ ಎಂಬುದು ನೂರಕ್ಕೆ 60ರಿಂದ 70 ಮಂದಿಯಲ್ಲಿ ಕಾಣುವಂಥದು. ಮೆದುಳಿಗೆ ರಕ್ತ ಸಾಲದೆ ಬರುವ ಬಗೆಯೂ ಉಂಟು. ಆಲ್ಝೈಮರ್ ರೋಗದಲ್ಲಿ ಹೊಸ ನೆನಪನ್ನು ಹಿಡಿದಿಡುವ ಮೆದುಳಿನ ಭಾಗ ಸಾಮಾನ್ಯವಾಗಿ ಮೊದಲು ಕೆಡುತ್ತದೆ. ಆದುದರಿಂದಲೇ ಬೆಳಿಗ್ಗೆ ಉಂಡದ್ದು ಮರೆತುಹೋಗುತ್ತದೆ, ಬಾಲ್ಯದ ಶಾಲೆಯ ಹಾಡು ನೆನಪಿನಲ್ಲಿರುತ್ತದೆ. ಕ್ರಮೇಣ ಮಾತು, ದಿಕ್ಕು, ಉಡಿಗೆತೊಡಿಗೆ, ಸ್ನಾನಶೌಚಗಳ ಪರಿಜ್ಞಾನವೆಲ್ಲ ಒಂದೊಂದಾಗಿ ಜಾರುತ್ತವೆ. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 7.4ರಷ್ಟು ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಈ ವ್ಯಾಧಿಗೆ ತುತ್ತಾಗಿದ್ದಾರೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚೆಂಬುದನ್ನೂ ಆ ಅಧ್ಯಯನ ತೋರಿಸಿತು. ಹೀಗಿರಲಾಗಿ ಇದು ಯಾರದೋ ಮನೆಯ ಅಪರೂಪದ ಸಂಗತಿಯೆಂದು ತಿಳಿಯುವಂತಿಲ್ಲ.

ಈ ರೋಗದ ಇತಿಹಾಸವೇ ಒಂದು ದಾಂಪತ್ಯದಿಂದ ಆರಂಭವಾಗುತ್ತದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಅಗಸ್ಟೆ ಡೀಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಲಾಯಿತು. ಗಂಡನ ಮೇಲೆ ಕಾರಣವಿಲ್ಲದ ಸಂಶಯವೇ ಆಕೆಯಲ್ಲಿ ಮೊದಲು ಕಂಡ ಲಕ್ಷಣಗಳಲ್ಲಿ ಒಂದಾಗಿತ್ತು. ಆಕೆಯನ್ನು ಪರೀಕ್ಷಿಸಿದ ವೈದ್ಯ ಅಲೋಯ್ಸ್ ಆಲ್ಝೈಮರ್, ಆಕೆ 1906ರಲ್ಲಿ ತೀರಿಕೊಂಡ ಬಳಿಕ ಮೆದುಳನ್ನು ಶೋಧಿಸಿ, ಅದೇ ವರ್ಷದ ನವೆಂಬರಿನಲ್ಲಿ ತನ್ನ ಸಂಶೋಧನೆಯನ್ನು ವಿದ್ವತ್ಸಭೆಯ ಮುಂದಿಟ್ಟನು. 1910ರಲ್ಲಿ ರೋಗಕ್ಕೆ ಆತನ ಹೆಸರೇ ಬಂದಿತು. ವೈದ್ಯನ ಹೆಸರು ಜಗತ್ತಿಗೆಲ್ಲ ತಿಳಿದಿದೆ, ರೋಗಿಯ ಹೆಸರನ್ನೂ ಗ್ರಂಥಗಳು ಉಳಿಸಿಕೊಂಡಿವೆ. ಆದರೆ ಹೆಂಡತಿಯಿಂದಲೇ ಸಂಶಯಕ್ಕೊಳಗಾಗಿ, ಆಕೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಮನೆಗೆ ಮರಳಿದ ಆ ಗಂಡನ ಪಾಡೇನೆಂದು ಕೇಳುವವರು ವಿರಳ. ರೋಗಿಯ ಪಕ್ಕದಲ್ಲಿ ನಿಂತವರು ಕಣ್ಣಿಗೆ ಬೀಳದಿರುವುದು ಅಂದಿನಿಂದ ಇಂದಿನವರೆಗೂ ಮುಂದುವರಿದುಬಂದ ಸಂಗತಿ.

ತಾಯಿತಂದೆಗಳಿಗೆ ಈ ರೋಗ ಬಂದಾಗ ಮಕ್ಕಳು ನೋಯುವುದಿಲ್ಲವೆಂದಲ್ಲ. ಆದರೆ ಬಾಳಸಂಗಾತಿಯ ಸ್ಥಿತಿ ಬೇರೆ. ಮಕ್ಕಳಿಗೆ ತಮ್ಮದೇ ಸಂಸಾರವಿದೆ, ಉದ್ಯೋಗವಿದೆ, ಅಲ್ಲಿಗೆ ಹೋಗಿ ಅವರು ಉಸಿರಾಡಬಲ್ಲರು. ಸಂಗಾತಿಗೆ ಆ ಮನೆಯನ್ನು ಬಿಟ್ಟರೆ ಬೇರೆ ಮನೆಯಿಲ್ಲ. ಆಕೆಗೂ ಎಪ್ಪತ್ತು ವರ್ಷವಾಗಿದೆ. ಮೊಳಕಾಲು ನೋಯುತ್ತದೆ, ರಕ್ತದೊತ್ತಡವಿದೆ. ರಾತ್ರಿ ಎರಡು ಗಂಟೆಗೆ ಗಂಡ ಎದ್ದು, ‘ನಮ್ಮ ಮನೆಗೆ ಹೋಗಬೇಕು’ ಎಂದು ಬಾಗಿಲ ಚಿಲಕ ತೆಗೆಯುವಾಗ ಎಚ್ಚರವಿರಬೇಕಾದವಳು ಆಕೆಯೇ. ಒಂದೇ ಪ್ರಶ್ನೆಗೆ ಒಂದು ಗಂಟೆಯಲ್ಲಿ ಇಪ್ಪತ್ತು ಸಲ ಉತ್ತರಿಸಬೇಕಾದವಳು ಆಕೆಯೇ. ಕಡೆಗೆ ‘ನನ್ನ ಹಣ ಕದ್ದೆ’ ಎಂಬ ಆರೋಪವೂ, ‘ನೀನು ಯಾರು?’ ಎಂಬ ಪ್ರಶ್ನೆಯೂ ಬರುವುದು ಹೆಚ್ಚಾಗಿ ಹತ್ತಿರದಲ್ಲಿರುವವರ ಮೇಲೆಯೇ. ಹೆಂಡತಿಗೆ ರೋಗ ಬಂದಾಗ ಗಂಡನ ಕಷ್ಟ ಇನ್ನೊಂದು ಬಗೆಯದು. ಜೀವಮಾನವೆಲ್ಲ ಕಚೇರಿಯಲ್ಲಿಯೋ ಹೊಲದಲ್ಲಿಯೋ ದುಡಿದು, ಒಲೆಯ ಮುಂದೆ ನಿಲ್ಲದವನು ಎಪ್ಪತ್ತೈದನೆಯ ವಯಸ್ಸಿನಲ್ಲಿ ಅನ್ನ ಬೇಯಿಸಲು, ತಲೆ ಬಾಚಲು, ಸೀರೆ ಉಡಿಸಲು ಕಲಿಯಬೇಕಾಗುತ್ತದೆ. ಅದನ್ನು ಯಾರಲ್ಲಿ ಕೇಳಬೇಕೆಂಬುದೂ ಅವನಿಗೆ ತಿಳಿಯದು.

ಇದಕ್ಕಿಂತ ಆಳವಾದ ನೋವು ಒಂದಿದೆ. ಸಂಗಾತಿ ಸತ್ತರೆ ಊರವರು ಬರುತ್ತಾರೆ, ಅಳುತ್ತಾರೆ, ಸಂತೈಸುತ್ತಾರೆ. ದುಃಖಕ್ಕೆ ಒಂದು ವಿಧಿಯಿದೆ, ಒಂದು ಅವಧಿಯಿದೆ. ಇಲ್ಲಿಯೋ, ವ್ಯಕ್ತಿ ಎದುರಿಗೇ ಕುಳಿತಿದ್ದಾನೆ, ಉಣ್ಣುತ್ತಾನೆ, ನಗುತ್ತಾನೆ, ಆದರೆ ಬಾಳನ್ನು ಹಂಚಿಕೊಂಡ ಆ ಮನಸ್ಸು ದಿನದಿನಕ್ಕೆ ದೂರವಾಗುತ್ತಿದೆ. ಅಮೆರಿಕದ ಪಾಲಿನ್ ಬಾಸ್ ಎಂಬ ವಿದುಷಿ ಇದನ್ನು ಸಂದಿಗ್ಧ ನಷ್ಟವೆಂದು ಕರೆದು, ಆ ಕುರಿತು 1999ರಲ್ಲಿ ಒಂದು ಗ್ರಂಥವನ್ನೇ ಬರೆದರು. ಹೋದುದೆಂದು ಅಳುವಂತಿಲ್ಲ, ಇದೆಯೆಂದು ನೆಮ್ಮದಿಗೊಳ್ಳುವಂತಿಲ್ಲ. ಮುತ್ತೈದೆಯೆಂದು ಕರೆಸಿಕೊಳ್ಳುತ್ತಿರುವಾಗಲೇ ಒಂಟಿತನವನ್ನು ಅನುಭವಿಸುವ ಈ ಸ್ಥಿತಿಯಲ್ಲಿ ಸಂತೈಸಲು ಯಾರೂ ಬಾಗಿಲಿಗೆ ಬರುವುದಿಲ್ಲ.

ಹೀಗಿದ್ದರೂ ನಮ್ಮಲ್ಲಿ ಬಹುಮಂದಿ ಈ ಭಾರವನ್ನು ಮೌನವಾಗಿಯೇ ಹೊರುತ್ತಾರೆ. ಆ ಮೌನಕ್ಕೆ ಕಾರಣಗಳಿವೆ. ಅವು ಕ್ಷುಲ್ಲಕವಾದವುಗಳಲ್ಲ, ಆದುದರಿಂದ ಅವನ್ನು ಗೌರವದಿಂದಲೇ ಪರಿಶೀಲಿಸಬೇಕು.

ಮೊದಲನೆಯದು ಮಾನದ ಪ್ರಶ್ನೆ. ಮನೆಯ ಗುಟ್ಟು ಮನೆಯಲ್ಲಿಯೇ ಇರಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಊರಿನಲ್ಲಿ ಗೌರವದಿಂದ ಬಾಳಿದ ವ್ಯಕ್ತಿ, ನೂರಾರು ಮಕ್ಕಳಿಗೆ ಪಾಠ ಹೇಳಿದ ಶಿಕ್ಷಕ, ನ್ಯಾಯಪಂಚಾಯಿತಿ ಮಾಡಿದ ಹಿರಿಯ, ಈಗ ಬಟ್ಟೆಯ ಮೇಲೆ ಎಚ್ಚರವಿಲ್ಲದೆ ಕುಳಿತಿದ್ದಾನೆಂಬುದು ಹತ್ತು ಜನರ ಬಾಯಿಗೆ ಬೀಳಬಾರದೆಂದು ಹೆಂಡತಿ ಬಯಸುವುದು ಪ್ರೀತಿಯಿಂದಲೇ. ಮಾನಸಿಕ ರೋಗವೆಂದರೆ ಹುಚ್ಚೆಂದು ಕರೆಯುವ ಜನರಿರುವಾಗ, ಮೊಮ್ಮಕ್ಕಳ ಸಂಬಂಧಕ್ಕೂ ಅಡ್ಡಿಯಾದೀತೆಂಬ ಅಂಜಿಕೆಯೂ ಸೇರಿಕೊಳ್ಳುತ್ತದೆ. ಈ ಭಾವನೆಯಲ್ಲಿ ಸತ್ಯಾಂಶವಿದೆ. ರೋಗಿಯ ಮಾನವನ್ನು ಕಾಯುವುದು ಆರೈಕೆಯ ಒಂದು ಭಾಗವೇ ಸರಿ. ಆದರೆ ಗುಟ್ಟನ್ನು ಕಾಯುವುದು ಒಂದು, ರೋಗವನ್ನು ಬಚ್ಚಿಡುವುದು ಇನ್ನೊಂದು. ಬಚ್ಚಿಟ್ಟ ಮನೆಗೆ ನೆರೆಯವರು ಬರುವುದಿಲ್ಲ. ರೋಗಿ ಬೀದಿಯಲ್ಲಿ ದಾರಿತಪ್ಪಿದರೆ ಗುರುತಿಸಿ ಕರೆತರುವವರಿರುವುದಿಲ್ಲ. ವೈದ್ಯರ ಬಳಿಗೆ ಹೋಗುವುದೂ ತಡವಾಗುತ್ತದೆ. ಮಾನವನ್ನು ಕಾಯಲು ಕಟ್ಟಿದ ಗೋಡೆ ರೋಗಿಯ ಪ್ರಾಣಕ್ಕೇ ಅಪಾಯವಾಗಬಹುದು.

ಎರಡನೆಯದು ಕರ್ತವ್ಯದ ಕಲ್ಪನೆ. ‘ನನ್ನ ಗಂಡನ ಸೇವೆ ನನ್ನ ಧರ್ಮ, ಇದರಲ್ಲಿ ಇನ್ನೊಬ್ಬರ ನೆರವು ಕೇಳಿದರೆ ನನ್ನ ಸೇವೆಯೇ ಕಡಮೆಯಾಯಿತು’ ಎಂದು ಬಹುಮಂದಿ ಸ್ತ್ರೀಯರು ತಿಳಿಯುತ್ತಾರೆ. ಬಂಧುಗಳೂ ಹಾಗೆಯೇ ಹೊಗಳುತ್ತಾರೆ. ಈ ಹೊಗಳಿಕೆಯಿಂದ ಒಂದು ಕೇಡುಂಟು. ಹೊಗಳಿದವರು ತಮ್ಮ ಪಾಲು ತೀರಿತೆಂದು ಎದ್ದುಹೋಗುತ್ತಾರೆ. ಹೊಗಳಿಸಿಕೊಂಡವಳು ದಣಿದೆನೆಂದು ಹೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾಳೆ. ಸೇವೆಯ ಬೆಲೆಯನ್ನು ಅಳೆಯುವುದು ಮಾಡುವವರ ಸಂಕಟದಿಂದಲೋ, ಪಡೆಯುವವರ ಹಿತದಿಂದಲೋ? ಎರಡನೆಯದರಿಂದಲೇ ಎಂಬುದರಲ್ಲಿ ಸಂದೇಹವಿಲ್ಲ. ನಿದ್ದೆಯಿಲ್ಲದೆ, ಮಾತಾಡುವವರಿಲ್ಲದೆ ಬೇಸತ್ತ ಕೈ ಒಂದು ದಿನ ಒರಟಾಗುತ್ತದೆ. ಬೇಸತ್ತ ನಾಲಗೆ ಒಂದು ದಿನ ಕಠಿಣವಾಗುತ್ತದೆ. ಅದರ ಪೆಟ್ಟು ಬೀಳುವುದು ಪ್ರತಿಕ್ರಿಯೆ ಹೇಳಲಾರದ ರೋಗಿಯ ಮೇಲೆ. ಆದುದರಿಂದ ತನ್ನ ಮನಸ್ಸನ್ನು ಸ್ವಸ್ಥವಾಗಿಟ್ಟುಕೊಳ್ಳುವುದೂ ರೋಗಿಗೆ ಸಲ್ಲಬೇಕಾದ ಸೇವೆಯೇ ಆಗಿದೆ.

ಮೂರನೆಯದು ವಿಧಿಯೆಂಬ ಸಮಾಧಾನ. ‘ಹಣೆಯಲ್ಲಿ ಬರೆದದ್ದು, ಯಾರಿಗೆ ಹೇಳಿ ಏನು ಫಲ?’ ಎನ್ನುವವರಿದ್ದಾರೆ. ಈ ರೋಗವನ್ನು ಪೂರ್ತಿಯಾಗಿ ಗುಣಪಡಿಸುವ ಮದ್ದು ಇಂದಿಗೂ ಇಲ್ಲವೆಂಬುದು ನಿಜ. ಆದರೆ ಗುಣವಾಗದ ರೋಗದಲ್ಲಿಯೂ ಆರೈಕೆಯಿಂದ ಆಗುವ ಉಪಕಾರ ಬಹಳವಿದೆ. ಸಂಜೆಯ ಹೊತ್ತು ಹೆಚ್ಚುವ ಗಾಬರಿಯನ್ನು ದೀಪದ ಬೆಳಕಿನಿಂದಲೂ ಶಾಂತವಾದ ಮಾತಿನಿಂದಲೂ ತಗ್ಗಿಸಬಹುದು. ಸ್ನಾನಕ್ಕೆ ಹಟಮಾಡುವವರನ್ನು ಅವಸರಪಡಿಸದೆ ಒಪ್ಪಿಸಬಹುದು. ‘ನಮ್ಮ ಮನೆಗೆ ಹೋಗಬೇಕು’ ಎಂದಾಗ ವಾದಿಸದೆ, ಆ ಮನೆಯ ವಿಷಯವನ್ನೇ ಮಾತಾಡಿಸಿ ಸಮಾಧಾನಗೊಳಿಸಬಹುದು. ಇವನ್ನು ಯಾರು ಹೇಳಿಕೊಡಬೇಕು? ವೈದ್ಯರು ಸ್ವಲ್ಪ ಹೇಳಬಲ್ಲರು. ಹೆಚ್ಚಿನದನ್ನು ಬಲ್ಲವರು ಅದನ್ನು ಮಾಡಿ ನೋಡಿದವರು.

ಇಲ್ಲಿಗೆ ನಾವು ವಿಷಯದ ತಿರುಳಿಗೆ ಬಂದಂತಾಯಿತು. ದಾಂಪತ್ಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಒಡನಾಡಿ ಮಾತ್ರವಲ್ಲ, ತಿದ್ದುವವರೂ ಹೌದು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಮ್ಮ ಓದುಗರಿಗೆಲ್ಲ ತಿಳಿದದ್ದೇ. ಗಂಡ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಚೆಲ್ಲಿ ಬರಬೇಕೆಂದು ಹೇಳಿದವಳು ಹೆಂಡತಿ. ಆ ದಾಂಪತ್ಯದ ಹಿರಿಮೆ ಅವರ ಪರಸ್ಪರ ಪ್ರೀತಿಯಲ್ಲಿ ಎಷ್ಟಿದೆಯೋ ಈ ತಿದ್ದುವಿಕೆಯಲ್ಲಿಯೂ ಅಷ್ಟೇ ಇದೆ. ಸಾಮಾನ್ಯ ಮನೆಗಳಲ್ಲಿಯೂ ಹೀಗೆಯೇ. ‘ನಿಮ್ಮ ಕೋಪ ಹೆಚ್ಚಾಯಿತು’, ‘ನೀನು ಊಟ ಬಿಟ್ಟು ದುಡಿಯುತ್ತಿದ್ದೀಯೆ’, ‘ಮಗನಿಗೆ ಕಾಗದ ಬರೆಯಿರಿ’ ಎಂದು ಹೇಳುವ ಅಧಿಕಾರ ಸಂಗಾತಿಯದು. ಮರೆವಿನ ರೋಗ ಬಂದಾಗ ಆರೈಕೆ ಮಾಡುವವರು ಕಳೆದುಕೊಳ್ಳುವುದು ಈ ತಿದ್ದುವ ದನಿಯನ್ನು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ, ತನ್ನ ದಣಿವು ಮಿತಿಮೀರಿತೋ ಇಲ್ಲವೋ ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಬರುವ ಬಂಧು ಹೇಳಿದರೆ, ‘ಇವರಿಗೇನು ಗೊತ್ತು’ ಎನಿಸುತ್ತದೆ. ಅದೇ ದುಃಖವನ್ನು ಉಣ್ಣುತ್ತಿರುವವರು ಹೇಳಿದರೆ ಮಾತು ನಾಟುತ್ತದೆ. ಏಕೆಂದರೆ ಅವರು ನ್ಯಾಯ ಹೇಳಲು ಬಂದವರಲ್ಲ, ನಿನ್ನೆಯ ರಾತ್ರಿ ತಾವೂ ನಿದ್ದೆಗೆಟ್ಟವರು. ಸಮದುಃಖಿಗಳ ಸಂಗವು ಸಂಗಾತಿಯ ಸ್ಥಾನವನ್ನು ಕಸಿದುಕೊಳ್ಳುವುದಿಲ್ಲ. ಸಂಗಾತಿ ಇದುವರೆಗೆ ಮಾಡುತ್ತಿದ್ದ ಒಂದು ಉಪಕಾರವನ್ನು ಅವರ ಪರವಾಗಿ ನಡೆಸಿಕೊಡುತ್ತದೆ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಇತಿಹಾಸದ ಸಾಕ್ಷಿಯಿದೆ. 1970ರಲ್ಲಿ ಅಮೆರಿಕದ ಷಿಕಾಗೋ ನಗರದ ಉದ್ಯಮಿ ಜೆರೋಮ್ ಸ್ಟೋನ್ ಅವರ ಪತ್ನಿ ಎವೆಲಿನ್ ಅವರಿಗೆ ಆಲ್ಝೈಮರ್ ರೋಗವೆಂದು ತಿಳಿದುಬಂದಿತು. ಆ ಕಾಲದಲ್ಲಿ ಇಂಥ ಕುಟುಂಬಗಳಿಗೆ ದಾರಿ ತೋರುವವರು ಇರಲಿಲ್ಲವೆಂದೇ ಹೇಳಬೇಕು. ಮುಂದೆ ಅಲ್ಲಲ್ಲಿ ಚದುರಿದ್ದ ಕುಟುಂಬಗಳ ಚಿಕ್ಕ ಬಳಗಗಳು ಒಂದುಗೂಡಿ, ಸ್ಟೋನ್ ಅವರ ಮುಂದಾಳುತನದಲ್ಲಿ 1980ರಲ್ಲಿ ಆಲ್ಝೈಮರ್ ಅಸೋಸಿಯೇಷನ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಇಂಗ್ಲೆಂಡಿನಲ್ಲಿ ಇಂಥದೇ ಸಂಸ್ಥೆ 1979ರಲ್ಲಿ ಹುಟ್ಟಿತ್ತು. ನಮ್ಮ ದೇಶದಲ್ಲಿ 1992ರಲ್ಲಿ ಕೇರಳದಲ್ಲಿ ಆರಂಭವಾದ ಎ.ಆರ್.ಡಿ.ಎಸ್.ಐ. ಸಂಸ್ಥೆ ಕ್ರಮೇಣ ಬೆಂಗಳೂರನ್ನೂ ಸೇರಿಸಿ ಹಲವು ನಗರಗಳಲ್ಲಿ ಶಾಖೆಗಳನ್ನು ತೆರೆಯಿತು. ಒಂದು ಮನೆಯ ದುಃಖ ಇನ್ನೊಂದು ಮನೆಯ ದುಃಖವನ್ನು ಗುರುತಿಸಿದ್ದರಿಂದಲೇ ಇಂಥ ಸಂಸ್ಥೆಗಳು ಬೆಳೆದವು.

ಇದರ ಫಲವನ್ನು ವಿದ್ವಾಂಸರು ಅಳೆದೂ ನೋಡಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೇರಿ ಮಿಟೆಲ್‌ಮನ್ ಮತ್ತು ಸಂಗಡಿಗರು 1987ರಿಂದ ಮೊದಲುಗೊಂಡು, ಆಲ್ಝೈಮರ್ ರೋಗಿಗಳ ಆರೈಕೆಯಲ್ಲಿದ್ದ 406 ಮಂದಿ ಗಂಡಂದಿರನ್ನೂ ಹೆಂಡಿರನ್ನೂ ಅನೇಕ ವರ್ಷ ಗಮನಿಸಿದರು. ಅರ್ಧದಷ್ಟು ಮಂದಿಗೆ ವೈಯಕ್ತಿಕ ಸಲಹೆ, ಮನೆಮಂದಿಯನ್ನು ಕೂರಿಸಿ ಮಾಡುವ ಸಮಾಲೋಚನೆ, ಸಮದುಃಖಿಗಳ ಬಳಗ ಮತ್ತು ಬೇಕೆನಿಸಿದಾಗ ದೂರವಾಣಿಯ ನೆರವು ಇವನ್ನು ಒದಗಿಸಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಇಂಥ ನೆರವು ದೊರೆತವರು ತಮ್ಮ ಸಂಗಾತಿಯನ್ನು ಶುಶ್ರೂಷಾಲಯಕ್ಕೆ ಸೇರಿಸದೆ ಮನೆಯಲ್ಲಿಯೇ ನೋಡಿಕೊಂಡ ಅವಧಿ ಇತರರಿಗಿಂತ ಸುಮಾರು 557 ದಿನ ಹೆಚ್ಚಾಗಿತ್ತು. ಒಂದೂವರೆ ವರ್ಷವೆಂದರೆ ಅಲ್ಪವೇ? ನಮ್ಮ ನೆರೆಯ ಗೋವೆಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 81 ಕುಟುಂಬಗಳಿದ್ದವು. ಅಲ್ಲಿ ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಮನೆಮನೆಗೆ ಹೋಗಿ ಕುಟುಂಬದವರ ಮಾತನ್ನು ಕೇಳಿ ದಾರಿ ತೋರಿದುದರಿಂದ, ಆರೈಕೆ ಮಾಡುವವರ ಮನಸ್ಸಿನ ಭಾರ ಇಳಿಯಿತು. ನೆರವು ಕೇಳಿದರೆ ಸೇವೆ ಕಡಮೆಯಾಗುವುದೆಂಬ ಮಾತಿಗೆ ಇವೇ ಉತ್ತರ. ನೆರವು ಪಡೆದವರ ಸೇವೆಯೇ ಹೆಚ್ಚು ಕಾಲ ನಡೆಯಿತು.

ಆದರೂ ಸೂಕ್ಷ್ಮಮತಿಗಳಾದ ಓದುಗರ ಮನಸ್ಸಿನಲ್ಲಿ ಒಂದು ಆಕ್ಷೇಪ ಉಳಿದಿರಬಹುದು. ರೋಗಿಗೆ ತನ್ನ ಪರವಾಗಿ ಮಾತಾಡುವ ಶಕ್ತಿಯಿಲ್ಲ. ಅವನಿಲ್ಲದೆಡೆಯಲ್ಲಿ ಅವನ ಅಸಹಾಯಕತೆಯನ್ನು ಹತ್ತು ಜನರ ಮುಂದೆ ವಿವರಿಸುವುದು ನ್ಯಾಯವೇ? ಈ ಆಕ್ಷೇಪಕ್ಕೆ ಬೆಲೆಯಿದೆ. ಇದನ್ನು ತಳ್ಳಿಹಾಕದೆ, ಮಾತಿಗೆ ಒಂದು ಎಲ್ಲೆಯನ್ನು ಹಾಕಿಕೊಳ್ಳುವುದೇ ವಿವೇಕ. ರೋಗದ ಮೊದಲ ಹಂತದಲ್ಲಿ ಸಂಗಾತಿಗೆ ಇನ್ನೂ ತಿಳಿವಳಿಕೆಯಿರುತ್ತದೆ. ಆಗಲೇ ಅವರಲ್ಲಿ ಮಾತಾಡಿ, ಯಾರಿಗೆ ಎಷ್ಟು ಹೇಳಬಹುದೆಂದು ಕೇಳಿ ತಿಳಿಯಬೇಕು. ಆ ಕಾಲ ಮೀರಿದ್ದರೆ, ‘ಅವರು ಮೊದಲಿನಂತೆ ಪಕ್ಕದಲ್ಲಿ ಕುಳಿತಿದ್ದರೆ ಈ ಮಾತನ್ನು ನಾನು ಆಡುತ್ತಿದ್ದೆನೆ?’ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ತನ್ನ ದಣಿವು, ತನ್ನ ಭಯ, ತನ್ನ ಸಿಟ್ಟು ಇವು ತನ್ನವು. ಇವನ್ನು ಹೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಶುಶ್ರೂಷೆಗೆ ಉಪಯೋಗವಾಗುವ ವಿವರಗಳನ್ನು ಕೇಳುವುದರಲ್ಲಿ, ಹೇಳುವುದರಲ್ಲಿ ತಪ್ಪಿಲ್ಲ. ನಗೆಗೋ ಕುತೂಹಲಕ್ಕೋ ಆಹಾರವಾಗುವ ವಿವರಗಳನ್ನು ಮಾತ್ರ ಬಿಡಬೇಕು. ಬಳಗದಲ್ಲಿ ಕೇಳಿದ ಮಾತು ಬಳಗದ ಹೊರಗೆ ಹೋಗಕೂಡದು. ಈ ನಿಯಮವನ್ನು ಮುರಿಯುವವರಿದ್ದರೆ ಅದು ಸಮದುಃಖಿಗಳ ಸಂಗವೆನಿಸದು, ಹರಟೆಯ ಕಟ್ಟೆಯೆನಿಸೀತು.

ಹೇಳಬೇಕಾದುದನ್ನು ಗೌರವದಿಂದ ಹೇಳುವುದು ಸಾಧ್ಯವೆಂಬುದಕ್ಕೆ ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಾಧೀಶೆ ಸಾಂಡ್ರಾ ಡೇ ಓಕಾನರ್ ಅವರು ಆಲ್ಝೈಮರ್ ಪೀಡಿತರಾದ ಪತಿ ಜಾನ್ ಅವರ ಆರೈಕೆಗೆಂದು 2006ರಲ್ಲಿ ಪದವಿಯಿಂದ ನಿವೃತ್ತರಾದರು. ಪತಿ ಶುಶ್ರೂಷಾಲಯವನ್ನು ಸೇರಿದ ಮೇಲೆ ಹೆಂಡತಿಯನ್ನು ಮರೆತು, ಅಲ್ಲಿದ್ದ ಇನ್ನೊಬ್ಬ ರೋಗಿ ಮಹಿಳೆಯಲ್ಲಿ ಪ್ರೀತಿಯಿಟ್ಟರು. 2007ರಲ್ಲಿ ಈ ಸಂಗತಿಯನ್ನು ಅವರ ಮಗ ಬಹಿರಂಗವಾಗಿ ಹೇಳಿ, ಪತಿ ನೆಮ್ಮದಿಯಿಂದಿರುವುದನ್ನು ಕಂಡು ತಾಯಿಗೆ ಸಮಾಧಾನವಾಗಿದೆಯೆಂದು ತಿಳಿಸಿದರು. ಮರುವರ್ಷ ಆಕೆ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಈ ರೋಗದ ಕುಟುಂಬಗಳ ಪರವಾಗಿ ಮಾತಾಡಿದರು. ಜಾನ್ 2009ರಲ್ಲಿ ತೀರಿಕೊಂಡರು. ಡಿಮೆನ್ಷಿಯಾ ತಮ್ಮನ್ನೂ ಹಿಡಿದಿದೆಯೆಂದು 2018ರಲ್ಲಿ ಆಕೆಯೇ ಪತ್ರಮುಖೇನ ಪ್ರಕಟಿಸಿದರು, 2023ರಲ್ಲಿ ನಿಧನರಾದರು. ನಮ್ಮ ರೀತಿನೀತಿಗಳು ಬೇರೆಯಾಗಿರಬಹುದು. ಆದರೆ ಬಚ್ಚಿಡುವುದಕ್ಕೆ ಅಷ್ಟೊಂದು ಕಾರಣವಿದ್ದ ಸಂಗತಿಯನ್ನೂ ಆ ಕುಟುಂಬ ಹೇಳಿದುದರಿಂದ ಜಾನ್ ಅವರ ಮಾನಕ್ಕೆ ಕುಂದುಬರಲಿಲ್ಲ. ಅದೇ ಅನುಭವವನ್ನು ನುಂಗಿಕೊಂಡಿದ್ದ ಎಷ್ಟೋ ಮನೆಗಳಿಗೆ ತಾವು ಒಂಟಿಯಲ್ಲವೆಂಬುದು ತಿಳಿಯುವಂತಾಯಿತು.

‘ನನ್ನ ದುಃಖವೇ ನನಗೆ ಸಾಕಾಗಿದೆ, ಇತರರ ದುಃಖವನ್ನು ಏಕೆ ಕೇಳಲಿ?’ ಎಂಬುದು ಮತ್ತೊಂದು ಮಾತು. ಮೊದಲ ದಿನ ಹೀಗೆನಿಸುವುದು ಸಹಜ. ರೋಗದ ಕಡೆಯ ಹಂತದಲ್ಲಿರುವವರ ವೃತ್ತಾಂತವನ್ನು ಕೇಳಿದಾಗ, ಮುಂದೆ ಬರಲಿರುವುದನ್ನು ನೆನೆದು ಎದೆ ನಡುಗುವುದೂ ಉಂಟು. ಅಂಥವರು ಸ್ವಲ್ಪಕಾಲ ಒಬ್ಬರೊಡನೆ ಮಾತ್ರ ಮಾತಾಡಿದರೂ ಆದೀತು. ಎಲ್ಲರ ಸ್ವಭಾವಕ್ಕೂ ಸಭೆ ಒಗ್ಗುವುದಿಲ್ಲ. ಆದರೆ ಕೇಳುವುದರಿಂದಲೂ ಒಂದು ಬಲ ಬರುತ್ತದೆಂಬುದನ್ನು ಮರೆಯಬಾರದು. ದಿನವಿಡೀ ಸೋಲನ್ನೇ ಕಾಣುತ್ತಿರುವ ವ್ಯಕ್ತಿ, ತಾನು ಕಂಡುಕೊಂಡ ಒಂದು ಸಣ್ಣ ಉಪಾಯ ಇನ್ನೊಬ್ಬರ ಮನೆಯಲ್ಲಿ ಫಲಿಸಿತೆಂದು ಕೇಳಿದಾಗ, ತನ್ನ ಕಷ್ಟ ಪೂರ್ತಿ ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತಾನೆ. ಇಲ್ಲಿ ಕೊಡುವವರು ಬೇರೆ, ಕೊಳ್ಳುವವರು ಬೇರೆ ಎಂಬ ಭೇದವಿಲ್ಲ. ದಾಸೋಹದ ತತ್ತ್ವವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀಡುವುದರಲ್ಲಿ ಎಂಥ ವಿನಯ ಬೇಕೋ ಸ್ವೀಕರಿಸುವುದರಲ್ಲಿಯೂ ಅಂಥದೇ ವಿನಯ ಬೇಕು.

ಇಂಥ ಬಳಗಗಳಲ್ಲಿ ದೋಷಗಳೂ ತಲೆದೋರಬಹುದು. ಗುಣಪಡಿಸುವೆನೆಂದು ಔಷಧ ಮಾರುವವರು ನುಸುಳಬಹುದು. ‘ನನ್ನ ಕಷ್ಟದ ಮುಂದೆ ನಿಮ್ಮದೇನು’ ಎಂಬ ಸ್ಪರ್ಧೆ ಹುಟ್ಟಬಹುದು. ಔಷಧದ ವಿಷಯವನ್ನು ವೈದ್ಯರಿಗೇ ಬಿಟ್ಟು, ಪ್ರತಿಯೊಬ್ಬರಿಗೂ ಮಾತಿನ ಸರದಿಯನ್ನು ಕೊಟ್ಟರೆ ಇವನ್ನು ತಡೆಯಬಹುದು. ದುಃಖ ಮಿತಿಮೀರಿ, ಬದುಕೇ ಬೇಡವೆನಿಸುವ ಸ್ಥಿತಿಗೆ ಬಂದವರಿಗೆ ಬಳಗ ಸಾಲದು. ಅವರನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನಮ್ಮ ನಾಡಿನಲ್ಲಿ ಇದಕ್ಕೆ ಸಾಧನಗಳು ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವೃದ್ಧರ ಮನೋರೋಗಗಳಿಗೆ ಪ್ರತ್ಯೇಕ ಚಿಕಿತ್ಸೆಯಿದೆ. ಎ.ಆರ್.ಡಿ.ಎಸ್.ಐ.ಯ ಬೆಂಗಳೂರು ಶಾಖೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮುಂತಾದವು ಇಂಥ ಕುಟುಂಬಗಳಿಗಾಗಿ ದುಡಿಯುತ್ತಿವೆ. ಹಿರಿಯರ ನೆರವಿಗಾಗಿ 14567 ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಯೂ, ಮನಸ್ಸಿನ ಸಂಕಟವನ್ನು ಹೇಳಿಕೊಳ್ಳಲು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಯೂ ಇವೆ. ಎರಡನೆಯದರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಆದರೆ ಹಳ್ಳಿಯಲ್ಲಿರುವವರಿಗೆ, ರೋಗಿಯನ್ನು ಬಿಟ್ಟು ಒಂದು ಗಂಟೆ ಹೊರಗೆ ಹೋಗಲಾರದವರಿಗೆ ನಗರದ ಸಭೆಯಿಂದ ಏನು ಪ್ರಯೋಜನವೆಂದು ಕೇಳಬಹುದು. ಬಳಗವೆಂದರೆ ದೊಡ್ಡ ಸಭೆಯೇ ಆಗಬೇಕಾಗಿಲ್ಲ. ಒಂದೇ ತಾಲ್ಲೂಕಿನ ಇಬ್ಬರು ಹೆಂಗಸರು ವಾರಕ್ಕೊಮ್ಮೆ ದೂರವಾಣಿಯಲ್ಲಿ ಅರ್ಧಗಂಟೆ ಮಾತಾಡಿದರೆ ಅದೇ ಬಳಗ.

ಮಠದ ಪ್ರಸಾದನಿಲಯಗಳಲ್ಲಿ ಓದಿ ಹೊರಬಂದ ಹಳೆಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ವಿಶೇಷವಾದ ಅನುಕೂಲವನ್ನು ಪಡೆದಿದ್ದಾರೆ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು, ಒಂದೇ ಕೋಣೆಯಲ್ಲಿ ಮಲಗಿ ಬೆಳೆದವರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಕೆಲವರ ಮನೆಗೆ ಈ ರೋಗ ಈಗಾಗಲೇ ಬಂದಿದ್ದೀತು. ಸಮಾರಂಭಗಳಿಗೆ ಬರುವುದನ್ನು ಅವರು ಮೆಲ್ಲನೆ ನಿಲ್ಲಿಸಿದ್ದಾರು. ‘ಏಕೆ ಬರಲಿಲ್ಲ?’ ಎಂದು ಆಕ್ಷೇಪಿಸುವ ಬದಲು, ಒಬ್ಬರು ಹೋಗಿ ಎರಡು ಗಂಟೆ ರೋಗಿಯ ಪಕ್ಕದಲ್ಲಿ ಕುಳಿತರೆ, ಆರೈಕೆ ಮಾಡುವವರು ಸಮದುಃಖಿಗಳ ಬಳಿಗೆ ಹೋಗಿಬರಬಲ್ಲರು. ಹಳೆಯ ವಿದ್ಯಾರ್ಥಿಗಳ ಸಂಘಗಳು ತಿಂಗಳಿಗೊಂದು ದಿನ ಇಂಥವರು ಸೇರಲು ಒಂದು ಕೋಣೆಯನ್ನೂ, ಅಷ್ಟು ಹೊತ್ತು ರೋಗಿಗಳನ್ನು ನೋಡಿಕೊಳ್ಳಲು ಇಬ್ಬರು ಸ್ವಯಂಸೇವಕರನ್ನೂ ಒದಗಿಸಿದರೆ ಸಾಕು. ಇದಕ್ಕೆ ಧನಕ್ಕಿಂತ ಮನಸ್ಸೇ ಹೆಚ್ಚು ಬೇಕು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ದೊರೆತಂತಾಯಿತು. ಸಂಗಾತಿಯ ಮಾನವನ್ನು ಕಾಯುತ್ತ, ಮಾತಿನ ಎಲ್ಲೆಯನ್ನು ಮೀರದೆ, ಅದೇ ದಾರಿಯಲ್ಲಿ ನಡೆಯುತ್ತಿರುವವರೊಡನೆ ಮನಸ್ಸನ್ನು ತೆರೆಯುವುದು ದಾಂಪತ್ಯಧರ್ಮಕ್ಕೆ ಕುಂದಲ್ಲ. ಒಬ್ಬರಿಗೆ ನೆನಪು ಹೋದ ಮೇಲೆ ಇಬ್ಬರ ಬಾಳಿನ ಹೊಣೆಯೂ ಇನ್ನೊಬ್ಬರ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಕಡೆಯತನಕ ಹೊರಬೇಕಾದರೆ ಹೊರುವವರು ಉಳಿಯಬೇಕು. ಉಳಿಯಬೇಕಾದರೆ ಜೊತೆ ಬೇಕು. ಈ ಮಾತುಗಳನ್ನು ಓದುತ್ತಿರುವವರಲ್ಲಿ ಯಾರಾದರೂ ಇಂಥ ಮನೆಯವರಿದ್ದರೆ, ಅವರು ಈ ವಾರವೇ ಇನ್ನೊಬ್ಬ ಸಮದುಃಖಿಯನ್ನು ಹುಡುಕಿ ಮಾತಾಡಲಿ. ಇಂಥ ಮನೆಯನ್ನು ಬಲ್ಲವರಿದ್ದರೆ, ಆ ಬಾಗಿಲನ್ನು ತಾವಾಗಿಯೇ ಹೋಗಿ ತಟ್ಟಲಿ.